ನನ್ನ ಹೆಸರು, ಅವರ ನಂಬರು

ನಮ್ಮ ಕಂಪನಿಯ ಗಂಡಸರು ಯಾರೂ ನನಗೆ ನೇರವಾಗಿ ಫೋನು ಮಾಡುತ್ತಿರಲಿಲ್ಲ. ಹಾಗಂತ ಅವರೇನು ಕೆಟ್ಟವರಲ್ಲ. ನನ್ನ ಮೇಲಿನ ಮರ್ಯಾದೆಗೇ ಮಾಡುತ್ತಿರಲಿಲ್ಲ. ಇನ್ನೊಬ್ಬರ ಮನೆಯ ಹೆಣ್ಣುಮಗಳ ಮೊಬೈಲಿಗೆ ಫೋನು ಮಾಡುವುದೆಂದರೆ ನಮ್ಮ ಕಡೆ ಇವತ್ತಿಗೂ ಸಣ್ಣ ಮಾತಲ್ಲ. ಹೊಲದ ವಿಷಯವಿರಲಿ, ದವಾಖಾನೆಯ ವಿಷಯವಿರಲಿ, ಮೊದಲು ಮನೆಯ ಗಂಡಸಿನ ಫೋನು ರಿಂಗಾಗಬೇಕು, ಅವನು "ತಡೀರಿ, ಕೊಡ್ತೀನಿ" ಅನ್ನಬೇಕು, ಆಮೇಲೆ ಆಕೆಯ ದನಿ ಕೇಳಬೇಕು. ಹೀಗಾಗಿ ಮ್ಯಾನೇಜರಾದ ನನಗೆ ಬರಬೇಕಾದ ಮಾತೆಲ್ಲ ರೋಣದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದ ನನ್ನ ಗಂಡನ ನಂಬರಿಗೆ ಬರುತ್ತಿತ್ತು.

ಕಂಪನಿ ಎಂದರೆ ಭಾರಿ ದೊಡ್ಡದೇನಲ್ಲ. ಸುತ್ತಲಿನ ರೈತರು ಶೇರು ಹಾಕಿ ಕಟ್ಟಿಕೊಂಡದ್ದು. ಕಚೇರಿ ರೋಣದಲ್ಲಿ, ಗೋದಾಮು ನರಗುಂದದಲ್ಲಿ, ಗಜೇಂದ್ರಗಡದಲ್ಲಿ ಹೊಸದಾಗಿ ಹಾಕಿದ ಒಂದು ತಗಡಿನ ಶೆಡ್ಡು. ರೈತರು ಬೆಳೆದ ಹೆಸರುಕಾಳು, ಕಡಲೆ ನಮ್ಮಲ್ಲಿಗೆ ಬರುತ್ತಿತ್ತು. ಅದನ್ನು ಹಸನು ಮಾಡಿ, ಚೀಲ ತುಂಬಿ, ದೂರದ ಪೇಟೆಗೆ ಕಳಿಸುವುದು ನಮ್ಮ ಕೆಲಸ. ನರಗುಂದದ ಗೋದಾಮು ನನ್ನ ಕೈಯಲ್ಲಿತ್ತು, ರೋಣದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿ ಮೊರ ಹಿಡಿದು ಕೇರಿ, ಕಲ್ಲು ಕಸ ಆರಿಸಿ ಕಾಳು ಹಸನು ಮಾಡುವವರೆಲ್ಲ ಹೆಣ್ಣುಮಕ್ಕಳು, ಗುಡ್ಡದ ಕೆಳಗಿನ ಓಣಿಗಳವರು. ಚೀಲ ಹೊರುವ ಹಮಾಲರು, ತೂಕದವರು, ಲಾರಿಯವರು, ಆಡಳಿತ ಮಂಡಳಿಯವರು, ಎಲ್ಲರೂ ಗಂಡಸರು. ನಡುವೆ ನಾನು.

ನಾನು ಕೆಲಸಕ್ಕೆ ಸೇರಿದಾಗ ಮಂಡಳಿಯವರು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದರು. ಅದರಲ್ಲಿ ನನ್ನನ್ನು ಸೇರಿಸುವುದು ಹೇಗೆ ಎಂಬುದೇ ದೊಡ್ಡ ಚರ್ಚೆ ಆಯಿತಂತೆ. "ಅಷ್ಟೂ ಗಂಡಸರೊಳಗ ಅಕ್ಕಾರ ಒಬ್ಬರನ್ನ ಹಾಕೂದು ಚಲೋ ಕಾಣಂಗಿಲ್ಲ" ಎಂದು ಅಧ್ಯಕ್ಷರೇ ಹೇಳಿ ನನ್ನ ಗಂಡನ ನಂಬರನ್ನು ಸೇರಿಸಿದರು. ಗೋದಾಮಿನ ಬಾಗಿಲ ಮೇಲೆ ತಗಡಿನ ಬೋರ್ಡು ಬರೆಸಿದಾಗಲೂ ಅಷ್ಟೇ. "ವ್ಯವಸ್ಥಾಪಕರು" ಎಂದು ಬರೆದು ಕೆಳಗೆ ನನ್ನ ಗಂಡನ ನಂಬರು ಬರೆಸಿದರು. ಬಣ್ಣ ಒಣಗಿದ ಮೇಲೆ ನನ್ನನ್ನು ಕರೆದು ತೋರಿಸಿದರು. ಅದರ ಕೆಳಗೆ ನಿಂತು ನಾನೂ ಒಂದು ಫೋಟೋ ತೆಗೆಸಿಕೊಂಡೆ.

ಅಧ್ಯಕ್ಷರು ಒಳ್ಳೆಯ ಮನುಷ್ಯ. ನಾನು ಮೀಟಿಂಗಿಗೆ ಹೋದರೆ ಎದ್ದು ನಿಲ್ಲುತ್ತಿದ್ದರು. ಫ್ಯಾನಿನ ಕೆಳಗಿನ ಕುರ್ಚಿ ನನಗೇ ಎಂದು ಇಡಿಸುತ್ತಿದ್ದರು. ಒಮ್ಮೆ ಗದಗಿನಿಂದ ಒಬ್ಬರು ಬಂದು, ಕೆಲಸದ ಜಾಗದಲ್ಲಿ ಹೆಣ್ಣು ಗಂಡು ಸಮಾನರು ಎಂಬುದರ ಬಗ್ಗೆ ನಮಗೆಲ್ಲ ಒಂದು ದಿನದ ತರಬೇತಿ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ನನ್ನ ಕಡೆ ಕೈ ಮಾಡಿ, "ನಮ್ಮಲ್ಲಿ ಮ್ಯಾನೇಜರೇ ಹೆಣ್ಣುಮಗಳು ಅದಾರ್ರಿ" ಎಂದು ಎದೆಯುಬ್ಬಿಸಿ ಹೇಳಿದರು. ಆ ತರಬೇತಿಯ ಸುದ್ದಿಯೂ ನನಗೆ ಬಂದದ್ದು ಗಂಡನ ಫೋನಿನ ಮೂಲಕವೇ. ಮನೆಗೆ ಬಂದು ಅಧ್ಯಕ್ಷರ ಆ ಮಾತು ಹೇಳಿದಾಗ ನನ್ನ ಗಂಡ ನಕ್ಕದ್ದೇ ನಕ್ಕದ್ದು.

"ನಿಮ್ಮ ಕಂಪನಿಯ ಪಗಾರ ಇಲ್ಲದ ಸಿಪಾಯಿ ನೋಡು ನಾ" ಎನ್ನುತ್ತಿದ್ದರು. ಆದರೆ ಆ ಸಿಪಾಯಿ ಒಂದು ಮಾತನ್ನೂ ಬಿಡುತ್ತಿರಲಿಲ್ಲ. ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತ, ಫೋನನ್ನು ಸ್ಪೀಕರಿಗೆ ಹಾಕಿ ಮಂಡಳಿಯವರ ಮಾತು ಕೇಳಿಸಿಕೊಳ್ಳುತ್ತಿದ್ದರು. ಮರುಗಳಿಗೆಯೇ ನನಗೆ ಫೋನು ಮಾಡಿ, ಯಾರು ಹೇಳಿದರೋ ಅವರದೇ ದನಿ ತೆಗೆದು ಹೇಳುತ್ತಿದ್ದರು. ಅಧ್ಯಕ್ಷರು ಮಾತಿನ ನಡುವೆ ಕೆಮ್ಮಿದ್ದರೆ ಇವರೂ ಕೆಮ್ಮಬೇಕು. ನಾನು ಬಸ್ಸಿನಲ್ಲಿದ್ದರೆ ಬಾಯಿಗೆ ಸೆರಗು ಒತ್ತಿ ನಗು ತಡೆದುಕೊಳ್ಳುತ್ತಿದ್ದೆ. ಒಂದೆರಡು ಸಲ ಅವರೇ ಮಂಡಳಿಯವರಿಗೆ, "ಆಕಿ ನಂಬರ ಕೊಡ್ತೀನಿ, ಆಕಿಗೇ ಹಚ್ರಲ್ಲ" ಎಂದು ಹೇಳಿದ್ದೂ ಉಂಟು. "ಇರ್ಲಿ ಬಿಡ್ರಿ ಅಣ್ಣಾರ, ನೀವ ಹೇಳಿಬಿಡ್ರಿ" ಎಂಬ ಉತ್ತರ ಬರುತ್ತಿತ್ತು. ಒಂದು ಮೀಟಿಂಗಿನಲ್ಲಿ ನಾನೇ ನನ್ನ ನಂಬರು ಹೇಳಿದೆ. ಎಲ್ಲರೂ ಫೋನು ತೆಗೆದು ಒತ್ತಿಕೊಂಡರು, ಅಥವಾ ಒತ್ತಿಕೊಂಡಂತೆ ಮಾಡಿದರು. ಮರುದಿನದಿಂದ ಮತ್ತೆ ಅದೇ ಹಾಡು.

ಗೋದಾಮಿನಲ್ಲಿ ಮಾತ್ರ ನನ್ನದೇ ಒಂದು ರೀತಿ ಇತ್ತು. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಕಾಳಿನ ರಾಶಿಯ ಪಕ್ಕ ಎಲ್ಲರೂ ಖಾಲಿ ಚೀಲ ಹಾಸಿಕೊಂಡು ಕೂಡುತ್ತಿದ್ದೆವು. ಚಹಾ ಬರುತ್ತಿತ್ತು. ಅಲ್ಲಿ ಮೊದಲು ಮಾತಾಡಬೇಕಾದವಳು ಎಲ್ಲರಿಗಿಂತ ಸಣ್ಣವಳು. ದೊಡ್ಡವರು ಮೊದಲು ಬಾಯಿ ತೆರೆದರೆ ಸಣ್ಣವರು "ಅವರು ಅಂದಂಗ" ಎಂದು ಸುಮ್ಮನಾಗುತ್ತಾರೆ, ಇದು ನನಗೆ ನನ್ನ ಅತ್ತೆಯ ಮನೆಯಲ್ಲೇ ಗೊತ್ತಾಗಿತ್ತು. ಸಣ್ಣವಳಿಂದ ಶುರುವಾದ ಮಾತು ಕಡೆಗೆ ದೊಡ್ಡವ್ವನ ಹತ್ತಿರ ಬಂದು ನಿಲ್ಲುತ್ತಿತ್ತು. ದೊಡ್ಡವ್ವ ಅಂದರೆ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಗಂಡನಿಲ್ಲ. ಸೊಸೆಯನ್ನೂ ಜೊತೆಗೆ ಕರೆದುಕೊಂಡು ಕೆಲಸಕ್ಕೆ ಬರುತ್ತಿದ್ದಳು. ಅತ್ತೆ ಸೊಸೆ ಮನೆಯಲ್ಲಿ ಮುಖ ನೋಡುತ್ತಿರಲಿಲ್ಲವಂತೆ, ನಮ್ಮಲ್ಲಿ ಬಂದರೆ ಒಂದೇ ರಾಶಿಗೆ ಕೂತು ಕೇರುತ್ತಿದ್ದರು. "ಮನ್ಯಾಗ ಜಾಗಾ ಸಾಲಂಗಿಲ್ರಿ, ಇಲ್ಲಿ ಗಾಳಿ ಐತಿ" ಎನ್ನುತ್ತಿದ್ದಳು ದೊಡ್ಡವ್ವ.

ಹೋದ ವರ್ಷ ಬೇಸಿಗೆಯಲ್ಲಿ ನನ್ನ ಗಂಡ ತೀರಿಕೊಂಡರು. ಅಂಗಡಿಯಲ್ಲಿ ಕೂತಲ್ಲೇ, ಕೈಯಲ್ಲಿ ತಂತಿ ಹಿಡಿದುಕೊಂಡೇ. ಪಕ್ಕದಂಗಡಿಯವರು ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಆ ಸುದ್ದಿಯೊಂದೇ ನನಗೆ ನನ್ನ ಫೋನಿಗೆ ನೇರವಾಗಿ ಬಂದದ್ದು. ಮಂಡಳಿಯವರೆಲ್ಲ ಮಣ್ಣಿಗೆ ಬಂದಿದ್ದರು. ಅಧ್ಯಕ್ಷರು ಹೆಗಲು ಕೊಟ್ಟರು. ಹೆಣ ಹೊತ್ತ ಹೆಗಲಿನ ಟವೆಲ್ಲಿನಿಂದಲೇ ಕಣ್ಣು ಒರೆಸಿಕೊಂಡರು. ಅದನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ, ಮುಂದೆ ಹೇಳುವುದರಿಂದ ಅದು ಸುಳ್ಳಾಗುವುದಿಲ್ಲ.

ನನ್ನ ಗಂಡನ ಫೋನನ್ನು ಬಂದ್ ಮಾಡಿ ಕಪಾಟಿನಲ್ಲಿ, ಅವರ ಅಂಗಿಗಳ ಕೆಳಗೆ ಇಟ್ಟೆ. ಮಗಳು ಹುಬ್ಬಳ್ಳಿಗೆ ತನ್ನ ಮನೆಗೆ ಹೊರಡುವಾಗ, "ಅವ್ವಾ, ಆ ಸಿಮ್ ತಗಿಸಿಬಿಡು" ಎಂದಳು. ಆಗಲಿ ಎಂದೆ. ತೆಗೆಸಲಿಲ್ಲ. ಆ ನಂಬರು ಬೇರೆ ಯಾರಿಗೋ ಹೋಗಿ, ಬೇರೆ ಯಾರೋ "ಹಲೋ" ಅನ್ನುವುದನ್ನು ನನ್ನಿಂದ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಅವರ ದಿನಕರ್ಮಗಳೆಲ್ಲ ಮುಗಿದ ಮೇಲೆ ಮತ್ತೆ ಕೆಲಸಕ್ಕೆ ಹೋದೆ. ಮೊದಲ ದಿನ ಎಂದಿನಂತೆ ಚೀಲದ ಮೇಲೆ ಕೂತೆ. ದೊಡ್ಡವ್ವ ಎದ್ದು ಬಂದು ನನ್ನ ಪಕ್ಕ ಕೂತು, ಚಹಾದ ಕಪ್ಪನ್ನು ನನ್ನ ಕೈಯಲ್ಲಿ ಹಿಡಿಸಿ, ಕೈ ಬಿಡದೆ ಹಾಗೇ ಇದ್ದಳು. ಅಂದು ಅತ್ತಷ್ಟು ನಾನು ಮನೆಯಲ್ಲಿಯೂ ಅತ್ತಿರಲಿಲ್ಲ.

ಕಂಪನಿಯಿಂದ ಫೋನು ಬರುವುದು ನಿಂತುಹೋಗಿತ್ತು. ಕಚೇರಿಯ ಚೀಟಿ, ಲೆಕ್ಕ ಏನಿದ್ದರೂ ಲಾರಿಯ ಡ್ರೈವರನ ಕೈಯಲ್ಲಿ ಬರುತ್ತಿತ್ತು. ದುಃಖದಲ್ಲಿದ್ದಾಳೆ, ಕಾಡಬಾರದು ಎಂದು ಸುಮ್ಮನಿದ್ದಾರೆ ಅಂದುಕೊಂಡೆ. ಅದನ್ನು ಕನಿಕರ ಎಂದು ತಿಳಿದು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ.

ಮಳೆ ಹಿಡಿದು ಹೊಲದಲ್ಲಿ ಹೆಸರು ಹೂ ಬಿಡುವ ಹೊತ್ತಿಗೆ ಒಂದು ಸುದ್ದಿ ಗೋದಾಮಿಗೆ ಬಂತು. ಗಜೇಂದ್ರಗಡದ ಶೆಡ್ಡಿಗೆ ದೊಡ್ಡ ಮಷೀನು ತರುತ್ತಾರೆ, ಹಸನು ಮಾಡುವ ಕೆಲಸವೆಲ್ಲ ಅಲ್ಲಿಗೇ ಹೋಗುತ್ತದೆ, ನರಗುಂದದಲ್ಲಿ ಬರೀ ಚೀಲ ಇಡುವುದು. ಮಂಡಳಿಯ ಒಬ್ಬರು ಬಂದು, "ಹೆಣ್ಣುಮಕ್ಕಳಿಗೇನ್ರಿ, ಬಸ್ಸು ಫುಕ್ಕಟ ಐತಿ. ಬೇಕಾದವರು ಗಜೇಂದ್ರಗಡಕ್ಕ ಬರ್ಲಿ" ಎಂದು ಹೇಳಿ ಹೋದರು.

ಮರುದಿನದ ಚಹಾ ಆರಿ ತಣ್ಣಗಾಯಿತು. ಎಲ್ಲರಿಗಿಂತ ಸಣ್ಣವಳು ಶುರು ಮಾಡಿದಳು. "ಬಸ್ಸು ಫುಕ್ಕಟ ಐತ್ರಿ, ಹೊತ್ತು ಫುಕ್ಕಟ ಇಲ್ಲಲ್ರಿ. ರೋಣದಾಗ ಇಳದು ಇನ್ನೊಂದು ಬಸ್ಸು ಹಿಡೀಬೇಕು. ಕೂಸಿನ್ನ ಯಾರ ಕೈಯಾಗ ಕೊಡ್ಲಿ?" ಇನ್ನೊಬ್ಬಳು, ಸಂಜೆ ಕತ್ತಲಾದ ಮೇಲೆ ಇಳಿದರೆ ಮನೆಯಲ್ಲಿ ಒಳಗೆ ಬಿಡುವುದಿಲ್ಲ ಎಂದಳು. ಮತ್ತೊಬ್ಬಳು ಇದಕ್ಕೆ ದಾರಿಯನ್ನೂ ಹೇಳಿದಳು. ಸಣ್ಣ ಮಷೀನು ಇಲ್ಲಿಗೇ ತರಲಿ, ನಾವೇ ನಡೆಸಲು ಕಲಿಯುತ್ತೇವೆ, ಹಮಾಲರು ತೂಕದ ಕಾಟಾ ಕಲಿಯಲಿಲ್ಲವೇ ಎಂದು. ದೊಡ್ಡವ್ವ ಕಡೆಗೆ ಮಾತಾಡಿದಳು.

"ಮೀಟಿಂಗಿನ್ಯಾಗ ನಮ್ಮ ಮಾತು ಒಂದ್ಸಲ ಹೇಳಿಬಿಡ್ರಿ ಮ್ಯಾಡಮ್ಮರ. ಕೇಳಿದಮ್ಯಾಲ ಅವರು ಬ್ಯಾಡ ಅಂದ್ರ ಬ್ಯಾಡ. ಕೇಳದ ಬ್ಯಾಡ ಅನ್ನಬಾರ್ದು ನೋಡ್ರಿ."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಮೀಟಿಂಗು ಸೋಮವಾರ ಎಂದು ಹಿಂದಿನ ಸಭೆಯಲ್ಲಿಯೇ ನಿಕ್ಕಿಯಾಗಿತ್ತು. ಆ ವಾರವೆಲ್ಲ ಬಸ್ಸಿನಲ್ಲಿ ಕೂತು ನನ್ನ ಮಾತನ್ನು ನಾನೇ ಹೇಳಿ ನೋಡಿಕೊಂಡೆ. ಗಂಡ ಇದ್ದಿದ್ದರೆ ಅಧ್ಯಕ್ಷರ ದನಿಯಲ್ಲಿ ಅಡ್ಡ ಪ್ರಶ್ನೆ ಹಾಕುತ್ತಿದ್ದರು, ಕೆಮ್ಮುತ್ತಿದ್ದರು. ಆ ಕೆಮ್ಮನ್ನೂ ನಾನೇ ಕೆಮ್ಮಿ, ಪಕ್ಕದಲ್ಲಿ ಕೂತವರು ನೋಡುವಂತಾಯಿತು.

ಸೋಮವಾರ ಇಸ್ತ್ರಿ ಮಾಡಿದ ಸೀರೆ ಉಟ್ಟು ರೋಣದ ಕಚೇರಿಗೆ ಹೋದೆ. ಕುರ್ಚಿಗಳು ಒಂದರ ಮೇಲೊಂದು ಪೇರಿಸಿದ್ದವು. ಕಚೇರಿಯ ಗುಮಾಸ್ತ ಒಬ್ಬನೇ ಇದ್ದ.

"ಮೀಟಿಂಗ್ ಶುಕ್ರವಾರನ ಆತಲ್ರಿ ಮ್ಯಾಡಮ್ಮರ. ಮಷೀನಿನವರು ಅವತ್ತ ಬಂದಿದ್ರು ಅಂತ ಸೋಮವಾರಕ್ಕಿಂತ ಮೊದಲ ತಗೊಂಡ್ರು. ನಿಮಗ ಗೊತ್ತಿಲ್ಲೇನು?"

ಇಲ್ಲ ಎಂದೆ. ಆಮೇಲೆ ಬಂದದ್ದು ಸಿಟ್ಟು. ನನಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅಲ್ಲಿಯೇ ಬೆಂಚಿನ ಮೇಲೆ ಕೂತೆ. ಮಧ್ಯಾಹ್ನ ಅಧ್ಯಕ್ಷರು ಬಂದರು. ನನ್ನನ್ನು ನೋಡಿ ಎಂದಿನಂತೆ ಕೈ ಮುಗಿದರು.

"ಶುಕ್ರವಾರ ಮೀಟಿಂಗ್ ಅಂತ ನನಗ್ಯಾಕ ಹೇಳಲಿಲ್ರಿ ಅಣ್ಣಾರ?" ಎಂದೆ.

"ಹೇಳಾಕ ಎಷ್ಟ ಸಲ ಫೋನ್ ಹಚ್ಚೀವ್ರಿ ಅಕ್ಕಾರ! ನೀವ ಎತ್ತಲಿಲ್ಲ. ಸ್ವಿಚ್ ಆಫ್ ಅಂತ ಬರ್ತಿತ್ತು. ಗ್ರೂಪಿನ್ಯಾಗೂ ಹಾಕೀವಿ. ದುಃಖದಾಗ ಅದಾರ, ಮಾತಾಡಾಕ ಮನಸಿಲ್ಲ ಅಂತ ನಾವ ಸುಮ್ಮನಾದ್ವಿ."

"ನನ್ನ ಫೋನು ಒಂದ ದಿನಾನೂ ಬಂದ್ ಆಗಿಲ್ರಿ."

ಅವರಿಗೆ ಬೇಸರವಾಯಿತು. ಸುಳ್ಳು ಹೇಳುತ್ತಿಲ್ಲ ಎಂದು ತೋರಿಸಲು ತಮ್ಮ ಫೋನು ತೆಗೆದು ನನ್ನ ಮುಂದೆ ಹಿಡಿದರು. ನಿಜ, ಗುರುವಾರ ಸಾಲಾಗಿ ಕರೆಗಳಿದ್ದವು. ಒಂದೊಂದರ ಮೇಲೂ "ನರಗುಂದ ಮ್ಯಾಡಮ್ಮರು" ಎಂದು ಬರೆದಿತ್ತು. ಅದರ ಕೆಳಗಿನ ನಂಬರು ನೋಡಿದೆ. ಮದುವೆಯಾದ ಮೇಲೆ ನಾನು ಬಾಯಿಪಾಠ ಮಾಡಿದ ಒಂದೇ ನಂಬರು ಅದು. ಹೆಸರು ನನ್ನದು, ನಂಬರು ಅವರದು.

"ಇದು ನಮ್ಮನಿಯವರ ನಂಬರ್ರಿ" ಎಂದೆ.

ಅಧ್ಯಕ್ಷರು ಫೋನನ್ನು ತಮ್ಮ ಕಡೆ ತಿರುಗಿಸಿ ನೋಡಿದರು. ಮತ್ತೆ ನೋಡಿದರು. ನಿಂತವರು ಹಾಗೇ ಬೆಂಚಿನ ಮೇಲೆ ಕೂತರು.

"ನಾ ಮಣ್ಣಿಗೆ ಬಂದಿದ್ನೆಲ್ರಿ ಅಕ್ಕಾರ..." ಎಂದರು. "ಹೆಗಲು ಕೊಟ್ಟಿದ್ನಿ."

ಹೌದು ಎಂದು ತಲೆಯಾಡಿಸಿದೆ. ಗುಮಾಸ್ತ ಚಹಾ ತರುವ ನೆಪದಲ್ಲಿ ಹೊರಗೆ ಹೋದ. ನನ್ನ ಗಂಡನ ಹೆಣ ಹೊತ್ತ ಮನುಷ್ಯ, ಅದೇ ಗಂಡನಿಗೆ ಫೋನು ಹಚ್ಚಿ ನನಗೆ ಸುದ್ದಿ ಮುಟ್ಟಿಸಲು ನೋಡಿದ್ದಾನೆ. ಮೋಸವಿಲ್ಲ, ಹೊಟ್ಟೆಕಿಚ್ಚಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

"ಮತ್ತೊಮ್ಮೆ ಮೀಟಿಂಗ್ ಕರೀರಿ. ಹೆಣ್ಣುಮಕ್ಕಳ ಮಾತು ಐತಿ, ಹೇಳಬೇಕು" ಎಂದೆ.

ಅವರು ತಲೆ ತಗ್ಗಿಸಿದರು. "ಠರಾವು ಆಗೇತ್ರಿ. ಮಷೀನಿನವರಿಗೆ ಮುಂಗಡಾನೂ ಕೊಟ್ಟಾತು. ಅವತ್ತ ನಾನ ಕೇಳಿದ್ನಿ, ಮ್ಯಾಡಮ್ಮರು ಏನಂತಾರ ಅಂತ. ಬಂದಿಲ್ಲ ಅಂದ್ರ ಅವರಿಗೂ ಒಪ್ಪಿಗಿ ಐತಿ ಅಂತನ ತಿಳಕೊಂಡ್ರು ಎಲ್ಲಾರು."

ಮನೆಗೆ ಬಂದು ಕಪಾಟು ತೆಗೆದೆ. ಅಂಗಿಗಳ ಕೆಳಗಿನಿಂದ ಫೋನು ತೆಗೆದು ಚಾರ್ಜಿಗೆ ಹಾಕಿದೆ. ಅದು ಎದ್ದು ಕೂತ ಕೂಡಲೇ ಒಂದರ ಹಿಂದೊಂದು ಸದ್ದು ಮಾಡತೊಡಗಿತು. ಬೆಳಗಿನ ಶುಭೋದಯದ ಹೂಗಳು, ಹಬ್ಬದ ಶುಭಾಶಯಗಳು, ನಡುನಡುವೆ ನನಗೆ ಮುಟ್ಟಬೇಕಾಗಿದ್ದ ಕಂಪನಿಯ ಮಾತುಗಳು. "ಅಣ್ಣಾರ, ಮೀಟಿಂಗ್ ಶುಕ್ರವಾರಕ್ಕ ಬಂದೈತಿ, ಮ್ಯಾಡಮ್ಮರಿಗೆ ತಿಳಿಸ್ರಿ." ಅದರ ಕೆಳಗೆ ಕೈ ಮುಗಿದ ಚಿತ್ರ. ಇನ್ನೂ ಮೇಲಕ್ಕೆ ಹೋದರೆ ಅವರು ಹೋದ ದಿನದ್ದು, ಅವರದೇ ಫೋಟೋ, ಕೆಳಗೆ "ಆತ್ಮಕ್ಕೆ ಶಾಂತಿ ಸಿಗಲಿ" ಎಂದು ಎಲ್ಲರೂ ಬರೆದದ್ದು. ತೀರಿಕೊಂಡವರಿಗೇ ಶಾಂತಿ ಕೋರಿ, ತೀರಿಕೊಂಡವರಿಗೇ ಕೆಲಸ ಹಚ್ಚಿದ್ದರು. ಇದನ್ನು ಹೇಳಿಕೊಂಡು ನಗಬೇಕೆನಿಸಿತು. ಇಂಥದ್ದಕ್ಕೆ ನನ್ನ ಜೊತೆ ನಗುತ್ತಿದ್ದವರು ಅವರೊಬ್ಬರೇ.

ಮರುದಿನ ನರಗುಂದದಲ್ಲಿ ಚೀಲ ಹಾಸಿ ಎಲ್ಲರೂ ಕಾಯುತ್ತಿದ್ದರು. ಆವತ್ತು ಸಣ್ಣವಳು ಮಾತು ಶುರು ಮಾಡಲಿಲ್ಲ. ದೊಡ್ಡವ್ವನೇ ಕೇಳಿದಳು.

"ಹೇಳಿದ್ರೇನ್ರಿ ಮ್ಯಾಡಮ್ಮರ?"

ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ದೊಡ್ಡವ್ವ ಕಾಳಿನ ರಾಶಿಯಲ್ಲಿ ಬೆರಳಾಡಿಸುತ್ತ, "ಹಂಗಾದ್ರ ಅವರು ಕೇಳದನ ಬ್ಯಾಡ ಅಂದ್ರು" ಎಂದಳು. ಎದ್ದು ಮೊರ ತೆಗೆದುಕೊಂಡು ತನ್ನ ಜಾಗಕ್ಕೆ ಹೋಗಿ ಕೇರತೊಡಗಿದಳು. ಸೊಸೆಯೂ ಹೋಗಿ ಎದುರಿಗೆ ಕೂತಳು.

ಹಿಂಗಾರು ಬಿತ್ತುವ ಹೊತ್ತಿಗೆ ಮಷೀನು ಗಜೇಂದ್ರಗಡಕ್ಕೆ ಬಂತು. ನಮ್ಮಲ್ಲಿ ಕೆಲಸ ನಿಂತಿತು. ಗಜೇಂದ್ರಗಡಕ್ಕೆ ಒಬ್ಬಳೂ ಹೋಗಲಿಲ್ಲ, ಹೋಗಲು ಆಗುವಂತೆಯೂ ಇರಲಿಲ್ಲ. ಕಡೆಯ ದಿನ, ಎಲ್ಲಾದರೂ ಕೆಲಸ ಬಂದರೆ ತಿಳಿಸುತ್ತೇನೆ, ನಿಮ್ಮ ನಿಮ್ಮ ನಂಬರು ಹೇಳಿ ಎಂದೆ. ಒಬ್ಬಳು ಗಂಡನ ನಂಬರು ಹೇಳಿದಳು, ಒಬ್ಬಳು ಮೈದುನನದು, ಒಬ್ಬಳು ಅಣ್ಣನದು. ದೊಡ್ಡವ್ವ ಮಗನದು ಹೇಳಿದಳು. "ನಿಮ್ಮದು" ಎಂದು ಒತ್ತಿ ಹೇಳಿದೆ. ಎಲ್ಲರೂ ನನ್ನ ಮುಖ ನೋಡಿದರು. ತಮ್ಮದೆಂಬ ನಂಬರು ಅವರಲ್ಲಿ ಯಾರಿಗೂ ಇರಲಿಲ್ಲ.

ಮಂಡಳಿಯವರು ಈಗ ನನ್ನನ್ನು ಗುಂಪಿಗೆ ಸೇರಿಸಿದ್ದಾರೆ. ಅಧ್ಯಕ್ಷರು ನೇರವಾಗಿ ಫೋನು ಮಾಡುತ್ತಾರೆ, ಮೊದಲು ಗಂಟಲು ಸರಿಮಾಡಿಕೊಂಡು, "ತೊಂದ್ರಿ ಆತೇನ್ರಿ ಅಕ್ಕಾರ" ಎಂದು ಕೇಳಿ ಮಾತು ತೆಗೆಯುತ್ತಾರೆ. ಅವರ ಕಷ್ಟ ನೋಡಿದರೆ ಪಾಪ ಎನಿಸುತ್ತದೆ. ಈಗ ಕೇಳಬೇಕಾದ ದೊಡ್ಡ ಮಾತು ಯಾವುದೂ ಉಳಿದಿಲ್ಲ. ಚೀಲ ಎಷ್ಟು ಬಂದವು, ಎಷ್ಟು ಹೋದವು, ಅಷ್ಟೇ.

ಗಂಡನ ಫೋನನ್ನು ನಾನು ಮತ್ತೆ ಬಂದ್ ಮಾಡಲಿಲ್ಲ. ರೀಚಾರ್ಜ್ ಮಾಡಿಸುತ್ತೇನೆ, ನನ್ನದರ ಜೊತೆ ಅದನ್ನೂ ಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತುತ್ತೇನೆ. ಗೋದಾಮಿನ ಬೋರ್ಡಿನ ಮೇಲಿನ ನಂಬರನ್ನೂ ಅಳಿಸಿಲ್ಲ. ಅಳಿಸಿರಿ ಎಂದು ಹೇಳಲು ನನಗೆ ಬಾಯಿ ಬಂದಿಲ್ಲ.

ಮೊನ್ನೆ ಮಧ್ಯಾಹ್ನ ಗೋದಾಮಿನಲ್ಲಿ ಒಬ್ಬಳೇ ಇದ್ದಾಗ ಅವರ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಪೇಟೆಯ ವ್ಯಾಪಾರಿಯೊಬ್ಬರು. ಬೋರ್ಡು ನೋಡಿ ಮಾಡಿದ್ದರು.

"ಮ್ಯಾನೇಜರ್ ಸಾಹೇಬರು ಅದಾರೇನ್ರಿ? ನಮ್ಮ ಕಡಲಿ ಮಷೀನಿಗೆ ಹಾಕ್ಸಿದ್ರ ಚಲೋ ಆಗಿಲ್ಲ. ಕೈಲೆ ಹಸನ ಮಾಡೂ ಹೆಣ್ಮಕ್ಳು ನಿಮ್ಮಲ್ಲಿ ಅದಾರಂತಲ್ಲ, ಭಾಳ ದಿನದ ಕೆಲಸ ಐತಿ. ಅದನ್ನ ಮಾತಾಡೂದಿತ್ತು."

ದೊಡ್ಡವ್ವನ ಮಗನ ನಂಬರು ಎಲ್ಲಿದೆ ಎಂದು ಕೈ ಆಗಲೇ ಹುಡುಕುತ್ತಿತ್ತು.

"ನಾನ ಮ್ಯಾನೇಜರ್ರಿ. ಹೇಳ್ರಿ" ಎಂದೆ.

"ಅಲ್ರಿ, ಈ ನಂಬರಿನವರು... ಸಾಹೇಬರು?"

ಅವರಿಲ್ಲ, ಹೊರಗೆ ಹೋಗಿದ್ದಾರೆ ಎಂದು ಹೇಳಿ ಹಿಂದೆ ಒಂದೆರಡು ಕರೆ ಮುಗಿಸಿದ್ದೆ. ಆವತ್ತು ಹಾಗೆ ಹೇಳಲಾಗಲಿಲ್ಲ. ಆ ಫೋನಿನಲ್ಲಿ, ಆ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

"ಅವರು ತೀರಿಕೊಂಡಾರ್ರಿ. ಕೆಲಸದ ಮಾತು ನನಗ ಹೇಳ್ರಿ."

"ಅಯ್ಯ ಶಿವನ" ಎಂದರು ಆತ, ನಿಜವಾದ ದುಃಖದಿಂದಲೇ. ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದ ಕೇಳಿದರು.

"ಹಂಗಾದ್ರ ಮಾತಾಡಾಕ ಮನ್ಯಾಗ ಬ್ಯಾರೆ ಗಂಡಸರು ಯಾರರ ಅದಾರೇನ್ರಿ?"

"ನಾ ಅದೀನ್ರಿ" ಎಂದೆ. ಆ ಹೊತ್ತಿಗೆ ಅವರು, "ಇರ್ಲಿ ಬಿಡ್ರಿ ಅಕ್ಕಾರ" ಎಂದು ಫೋನು ಇಟ್ಟಾಗಿತ್ತು.